ಬಿಷಪ್ಪನ ಅಪ್ಪ

ಮಗ ಬಿಷಪ್ ಆದ ಭಾನುವಾರ ಮೇಸ್ತ್ರಿಯ ಎದೆ ಎಷ್ಟು ಉಬ್ಬಿತ್ತೆಂದರೆ ಕೋಟಿನ ಗುಂಡಿ ಹಾಕಲು ಹೆಂಡತಿಯೇ ಬರಬೇಕಾಯಿತು. ಹಾಗಂತ ಅವಳು ಆಮೇಲೆ ಎಲ್ಲರ ಮುಂದೆ ಹೇಳಿಕೊಂಡು ನಕ್ಕಳು. ನಿಜವಾಗಿ ಗುಂಡಿ ಹಾಕಲಾಗದೆ ಹೋದದ್ದು ಕೈ ನಡುಗುತ್ತಿದ್ದುದರಿಂದ. ನಲವತ್ತು ವರ್ಷ ಇಟ್ಟಿಗೆ ಇಟ್ಟ ಕೈ ಅದು. ಮೂರನೇ ಮಹಡಿಯ ಸಾರುವೆ ಹಲಗೆಯ ಮೇಲೆ ಗಾಳಿಗೆ ನಿಂತಾಗಲೂ ನಡುಗದ ಕೈ.

ಅವರದು ಮಾರ್ಮನ್ ಚರ್ಚು. ಅಲ್ಲಿ ಸಂಬಳದ ಪಾದ್ರಿ ಎಂಬುವನಿಲ್ಲ. ಒಂದು ದಿನ ಮೇಲಿನವರು ಬಂದು ಎದುರಿಗೆ ಕೂರಿಸಿಕೊಂಡು, ಇನ್ನು ಈ ಸಭೆ ನೋಡಿಕೊಳ್ಳುವವನು ನೀನು ಅಂದರೆ ಮುಗಿಯಿತು. ಬಸ್ ಓಡಿಸುವವನೂ ಬಿಷಪ್ಪೇ, ಬೂಟು ಹೊಲಿಯುವವನೂ ಬಿಷಪ್ಪೇ. ಐದಾರು ವರ್ಷ ಹೊತ್ತು, ಇನ್ನೊಬ್ಬನ ಹೆಗಲಿಗೆ ದಾಟಿಸಿ, ಮತ್ತೆ ಹಿಂದಿನ ಬೆಂಚಿಗೆ ಬಂದು ಕೂರುವುದು. ಇದಕ್ಕೆ ಅವರು 'ಕರೆ' ಎನ್ನುತ್ತಾರೆ. ಕುರ್ಚಿ ಜೋಡಿಸುವವನಿಗೆ ಬರುವುದೂ ಕರೆಯೇ. ಕರೆ ಬಂದರೆ ಯಾರೂ ಒಲ್ಲೆ ಅನ್ನುವುದಿಲ್ಲ ಎಂಬುದು ಅಲ್ಲಿಯ ನಡೆ.

"ನನ್ನ ಮಗನಿಗೆ ಕರೆ ಬಂತು," ಎಂದು ಮರುದಿನ ಕಟ್ಟಡದ ಕೆಲಸದಲ್ಲಿ ಮೇಸ್ತ್ರಿ ಹೇಳಿದಾಗ ಬಡಗಿ, "ಯಾರದು, ಫೋನಾ?" ಅಂದ.

"ದೇವರದು ಕಣಯ್ಯಾ."

"ಓಹೋ. ಎತ್ತಿದ್ನಾ?"

"ಎತ್ತದೆ ಇರ್ತಾನಾ? ಯಾರ ಮಗ!"

ಬಡಗಿ ನಕ್ಕ. ಮೇಸ್ತ್ರಿಯೂ ನಕ್ಕ. ಆದರೆ 'ದೇವರದು' ಅನ್ನುವ ಮಾತು ನಾಲಿಗೆ ಮೇಲಿಂದ ಬಂದಿತ್ತೇ ಹೊರತು ಒಳಗಿಂದಲ್ಲ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಾಸಿಗೆ ಪಕ್ಕ ಮೊಣಕಾಲೂರಿದಾಗ ಆ ಕಡೆ ಯಾರೂ ಇಲ್ಲ ಅನ್ನಿಸಿತ್ತು. ಅಷ್ಟೇ. ಸಾವಿಲ್ಲ, ನೋವಿಲ್ಲ, ಯಾರ ಮೇಲೂ ಸಿಟ್ಟಿಲ್ಲ. ಬಾಗಿಲು ತಟ್ಟಿದಾಗ ಒಳಗೆ ಜನ ಇದ್ದಾರೋ ಇಲ್ಲವೋ ತಟ್ಟಿದವನಿಗೆ ಸದ್ದಿನಲ್ಲೇ ತಿಳಿಯುತ್ತದಲ್ಲ, ಹಾಗೆ. ಎಲ್ಲೋ ಹೋಗಿರಬೇಕು, ಬರುತ್ತಾರೆ ಅಂತ ಕಾದ. ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಹೆಂಡತಿ ಪಕ್ಕದಲ್ಲೇ ಇರುತ್ತಾಳಾದ್ದರಿಂದ ಮೊಣಕಾಲೂರುವುದನ್ನು ಬಿಡುವಂತಿರಲಿಲ್ಲ. ಮನಸ್ಸಿನಲ್ಲೇ ಒಂದರಿಂದ ಇನ್ನೂರರವರೆಗೆ ಎಣಿಸಿ ಏಳುತ್ತಿದ್ದ. ಅವರಲ್ಲಿ ಚಹಾ ಕಾಫಿ ಕುಡಿಯುವ ಹಾಗಿಲ್ಲ. ಅದನ್ನೂ ಮುರಿಯಲಿಲ್ಲ. ಕೆಲಸದವರೆಲ್ಲ ಚಹಾ ಹೀರುವಾಗ ತಾನು ಬಿಸಿನೀರು ಕುಡಿಯುತ್ತಿದ್ದ. ಮನೆಯ ಯಜಮಾನ ಊರಲ್ಲಿಲ್ಲ ಅಂತ ಬಾಡಿಗೆಯವನು ಕಸ ಗುಡಿಸುವುದನ್ನು ಬಿಡುತ್ತಾನೆಯೇ?

ಮಗ ಬಿಷಪ್ ಆದ ಮೂರನೇ ಭಾನುವಾರ ಅಪ್ಪನನ್ನು ಚರ್ಚಿನ ಚಿಕ್ಕ ಕೋಣೆಗೆ ಕರೆಸಿದ. ವಾರವೆಲ್ಲ ಬಸ್ ಓಡಿಸುವವನು ಅವತ್ತು ಮೇಜಿನ ಆಚೆ ಟೈ ಕಟ್ಟಿಕೊಂಡು ಕೂತಿದ್ದ.

"ಬನ್ನಿ, ಕೂತ್ಕೊಳ್ಳಿ," ಅಂದ.

ಮೇಸ್ತ್ರಿ ಹಿಂದಕ್ಕೆ ತಿರುಗಿ ನೋಡಿದ, ಬೇರೆ ಯಾರಾದರೂ ಬಂದರೇನೋ ಅಂತ. ಮನೆಯಲ್ಲಿ ಮಗ ಅವನನ್ನು ನೀನು ಅನ್ನುವುದು.

"ನನ್ನನ್ನೇನೋ ಬನ್ನಿ ಅಂದಿದ್ದು?"

"ಇಲ್ಲಿ ಹಾಗೇ ಅಪ್ಪ... ಸಹೋದರರೇ." ಮಗನ ಕಿವಿ ಕೆಂಪಾಯಿತು.

"ಬೆಳಿಗ್ಗೆ ನಿನ್ನ ಇನ್ನೊಂದು ಸಾಕ್ಸು ಹುಡುಕಿಕೊಟ್ಟವನು ನಾನು. ಇಷ್ಟು ಬೇಗ ಸಹೋದರ ಆಗಿಬಿಟ್ನಾ?"

"ಅಪ್ಪಾ, ಐದು ನಿಮಿಷ ಸುಮ್ಮನಿರ್ತೀಯಾ?"

ಮೇಸ್ತ್ರಿ ಕುರ್ಚಿ ಎಳೆದು ಕೂತ. ಏಳೆಂಟು ವರ್ಷದ ಮಕ್ಕಳ ತರಗತಿಗೆ ಮೇಷ್ಟ್ರಿಲ್ಲ, ಇದ್ದವರು ಬೇರೆ ಊರಿಗೆ ಹೋದರು, ಅದಕ್ಕೆ ನಿನಗೂ ಅಮ್ಮನಿಗೂ ಕರೆ ಕೊಡುತ್ತಿದ್ದೇನೆ ಎಂದ ಮಗ. ಪಾಠ ಅಪ್ಪನದು. ಮಕ್ಕಳ ಕೋಣೆಯಲ್ಲಿ ದೊಡ್ಡವರು ಇಬ್ಬರಿರಲೇಬೇಕು ಅನ್ನುವ ನಿಯಮಕ್ಕೆ ಅಮ್ಮ ಜೊತೆಗೆ.

ಮೇಸ್ತ್ರಿ ಬೇಡವೆಂದು ಕೈಯಾಡಿಸಿದ. "ನನಗೆ ಓದು ಅಷ್ಟಕ್ಕಷ್ಟೇ. ನಿಮ್ಮಮ್ಮನಿಗೆ ಕೊಡು."

"ಅಮ್ಮನಿಗೆ ಗದರಿಸೋಕೆ ಬರುತ್ತೆ. ಕಲಿಸೋಕೆ ಬರೋದು ನಿನಗೆ. ಎಷ್ಟು ಜನಕ್ಕೆ ಕೆಲಸ ಕಲಿಸಿದೀಯ!"

ಮೇಜಿನ ಮೇಲೊಂದು ಕಾಗದ. ಅದರಲ್ಲಿ ಎರಡು ಹೆಸರು ಬರೆದು ಹೊಡೆದುಹಾಕಿತ್ತು. ತಲೆಕೆಳಗಾದ ಅಕ್ಷರವನ್ನೂ ಮೇಸ್ತ್ರಿ ಓದಬಲ್ಲ. ಎಂಜಿನಿಯರುಗಳ ಎದುರಿಗೆ ನಿಂತು ನಕ್ಷೆ ಓದಿ ಅಭ್ಯಾಸ.

"ಇವರಿಬ್ಬರು ಏನಂದ್ರು?"

ಮಗ ಕಾಗದ ಮಗುಚಿಟ್ಟ. "ಆಗಲ್ಲ ಅಂದ್ರು. ಒಬ್ಬರು... 'ಬಸ್ ಡ್ರೈವರ್ ಹೇಳಿದ ಕಡೆ ಹೋಗೋಕೆ ನಾನೇನು ಪ್ಯಾಸೆಂಜರಾ' ಅಂತ ಹೊರಗೆ ಯಾರ ಹತ್ರಾನೋ ಅಂದ್ರಂತೆ."

ಮಗ ನಗುತ್ತಲೇ ಹೇಳಿದ. ಆದರೆ ಆ ನಗು ಮೇಸ್ತ್ರಿಗೆ ಗೊತ್ತು. ಚಿಕ್ಕಂದಿನಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಬಂದಾಗಲೂ ಹೀಗೇ ನಗುತ್ತಿದ್ದ. ಒಲ್ಲೆ ಅಂದವರು ಆಗಲೇ ಇಬ್ಬರು. ಮೂರನೆಯವನು ಅಪ್ಪನೇ ಆದರೆ?

"ಆಗಲಿ," ಅಂದುಬಿಟ್ಟ.

ಮುಂದಿನ ವಾರ ಸಭೆಯಲ್ಲಿ ಅವನ ಹೆಸರು ಓದಿದರು. ಸಮ್ಮತಿ ಇರುವವರು ಬಲಗೈ ಎತ್ತಿ ಅಂದದ್ದಕ್ಕೆ ತೊಂಬತ್ತು ಕೈ ಮೇಲೆದ್ದವು. ಕಳ್ಳನ ಕೈಗೆ ಬೀಗದಕೈ ಕೊಡಲು ಇಷ್ಟು ಜನರ ಸಮ್ಮತಿಯೇ ಅಂದುಕೊಂಡ ಮೇಸ್ತ್ರಿ.

"ಮೇಸ್ತ್ರಿ ಹೋಗಿ ಮೇಷ್ಟ್ರಾದ್ರಿ," ಎಂದು ಹೆಂಡತಿ ಊಟದ ಹೊತ್ತಿಗೆ ಚುಡಾಯಿಸಿದಳು.

ಶನಿವಾರ ಸಂಜೆ ಇಬ್ಬರೂ ಊಟದ ಮೇಜಿನ ಮೇಲೆ ಬಟಾಣಿ ಸುಲಿಯುತ್ತಾ ಪಾಠ ತಯಾರು ಮಾಡುವುದು ರೂಢಿಯಾಯಿತು. ಅವಳು ಓದುವುದು, ಅವನು ಕೇಳುವುದು. ಸುಳ್ಳು ಹೇಳಬಾರದು, ಮಗನಿಗೆ ಅವಮಾನವೂ ಆಗಬಾರದು. ಯೋಚಿಸಿ ಯೋಚಿಸಿ ಮೇಸ್ತ್ರಿ ಒಂದು ದಾರಿ ಕಂಡುಕೊಂಡ. ಮಕ್ಕಳಿಗೆ ಏನು ಹೇಳುವಾಗಲೂ 'ಪುಸ್ತಕ ಹೀಗೆ ಹೇಳುತ್ತೆ' ಎಂದು ಶುರುಮಾಡುವುದು. ಅದರಲ್ಲಿ ಸುಳ್ಳೇನಿದೆ? ಪುಸ್ತಕ ಹೇಳುವುದು ನಿಜವೇ ತಾನೆ.

ತರಗತಿಯಲ್ಲಿ ಆರು ಮಕ್ಕಳು. ಅವನ ಮೊಮ್ಮಗಳೂ ಒಬ್ಬಳು. ಬಾಯಿಗೆ ಬೀಗವಿಲ್ಲದ್ದರಿಂದ ಮನೆಯಲ್ಲಿ ಅವಳ ಹೆಸರು ಪಟಾಕಿ. ಮೊದಲ ದಿನ ಕೋಣೆ ಸಂತೆಯಾಗಿತ್ತು. ಮೇಸ್ತ್ರಿ ಕೂಗಲಿಲ್ಲ. ಕೈಗೆ ಕೆಲಸ ಕೊಟ್ಟರೆ ಬಾಯಿ ತಾನಾಗಿ ಮುಚ್ಚುತ್ತದೆ ಅನ್ನುವುದು ಅವನು ಕಟ್ಟಡದಲ್ಲಿ ಕಲಿತ ವಿದ್ಯೆ. ಒಬ್ಬನಿಗೆ ಕಿಟಕಿ, ಒಬ್ಬಳಿಗೆ ಕುರ್ಚಿ, ಒಬ್ಬಳಿಗೆ ಬಳಪ ಅಂತ ಹಂಚಿದ. ಆಮೇಲೆ ದನಿ ಎಷ್ಟು ತಗ್ಗಿಸಿದನೆಂದರೆ, ಕೇಳಬೇಕಾದರೆ ಅವರೇ ಸುಮ್ಮನಾಗಬೇಕು.

ಮರಳಿನ ಮೇಲೆ ಮನೆ ಕಟ್ಟಿದ ದಡ್ಡನ ಪಾಠ ಬಂದಾಗ ಅವನಿಗೆ ತಡೆಯಲಾಗಲಿಲ್ಲ. "ಪುಸ್ತಕ ಹೇಳುತ್ತೆ, ಆ ಮನೆ ಬಿತ್ತು ಅಂತ. ಆದ್ರೆ ನಿಜ ಹೇಳಬೇಕು ಅಂದ್ರೆ ಮರಳಿನ ಮೇಲೂ ಕಟ್ಟಬಹುದು ಮಕ್ಕಳೇ. ಪಾಯ ಆಳ ತೆಗೀಬೇಕು, ಅಷ್ಟೇ."

ಪಟಾಕಿ ಅದನ್ನು ಮನೆಗೆ ಹೊತ್ತು ತಂದಳು. ಸೊಸೆ ಬೇಳೆಗೆ ಒಗ್ಗರಣೆ ಹಾಕುತ್ತಿದ್ದವಳು ತಿರುಗಿದಳು. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಎಲ್ಲದಕ್ಕೂ ಚೀಟಿ ಅಂಟಿಸಿ ಸರಿಯಾದ ಜಾಗದಲ್ಲಿ ಇಡುವವಳು. ಮದುವೆಗೆ ಮುಂಚೆ ತವರಿನವರ ಮಾತು ಮೀರಿ ಈ ಚರ್ಚಿಗೆ ಸೇರಿದ್ದಳು. ಅದು ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ.

"ಮಾವ, ಅದು ಪಾಠದಲ್ಲಿ ಇಲ್ಲ."

"ಪಾಠ ಬರೆದವರು ಮನೆ ಕಟ್ಟಿಲ್ಲಮ್ಮ."

ಮಗ ಬಾಯಲ್ಲಿದ್ದದ್ದು ಉಗುಳುವಂತೆ ನಕ್ಕ. ಸೊಸೆಯೂ ನಕ್ಕಳು, ಅರ್ಧ. ಆ ದಿನಗಳಲ್ಲಿ ಮೇಸ್ತ್ರಿಯ ಹೆಮ್ಮೆಗೆ ಎರಡು ಕಾಲು ಬಂದಿದ್ದವು: ಒಂದು ಮಗ, ಇನ್ನೊಂದು ತರಗತಿ. ಚರ್ಚಿನಲ್ಲಿ ಎಲ್ಲರೂ ಹೆಡ್ ಮೇಡಂ ಅಂತ ಕರೆಯುವ ನಿವೃತ್ತ ಮುಖ್ಯೋಪಾಧ್ಯಾಯಿನಿಯ ಮೊಮ್ಮಗನಂತೂ ಅರ್ಧ ಗಂಟೆ ಮುಂಚೆ ಬಂದು ಬಾಗಿಲಲ್ಲಿ ನಿಂತಿರುತ್ತಿದ್ದ.

ಆಮೇಲೆ ಬೇಕರಿಯವರ ಮನೆಯ ಕಷ್ಟ ಬಂತು.

ಸಭೆಗೆ ಬರುವ ಬೇಕರಿ ಗಂಡಹೆಂಡಿರಿಗೆ ಗಂಡುಮಗು ಹುಟ್ಟಿತು. ಹೃದಯದಲ್ಲಿ ತೊಂದರೆ. ಬಿಷಪ್ ಹೇಳಿದ ಅಂತ ಇಡೀ ಸಭೆ ಎರಡು ಹೊತ್ತು ಉಪವಾಸ ಮಾಡಿತು, ಮಕ್ಕಳೂ ಬೆಳಗಿನ ಹಾಲು ಬಿಟ್ಟವು. ಮೇಸ್ತ್ರಿಯೂ ಉಪವಾಸ ಮಾಡಿದ. ಆ ದಿನ ಮೊಣಕಾಲೂರಿದಾಗ ಎಣಿಸಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದ. ಮಗು ಹನ್ನೊಂದನೇ ದಿನ ಹೋಯಿತು. ಮಗ ತನ್ನ ಬಿಷಪ್‌ಗಿರಿಯಲ್ಲಿ ನಡೆಸಿದ ಮೊದಲ ಮಣ್ಣು ಅದು.

ಆ ಮನೆಯ ದೊಡ್ಡ ಮಗಳು, ಎಂಟು ವರ್ಷದವಳು, ಮೂರು ವಾರ ಬಿಟ್ಟು ತರಗತಿಗೆ ಬಂದಳು. ಅವತ್ತಿನ ಪಾಠ ಪ್ರಾರ್ಥನೆ. "ಪುಸ್ತಕ ಹೀಗೆ ಹೇಳುತ್ತೆ," ಎಂದು ಮೇಸ್ತ್ರಿ ಶುರುಮಾಡಿದ್ದೇ ತಡ, ಹುಡುಗಿ ಕೈ ಎತ್ತಿದಳು.

"ನಾವೆಲ್ಲ ಉಪವಾಸ ಮಾಡಿದ್ವಲ್ಲ ಮೇಷ್ಟ್ರೇ. ದೇವರಿಗೆ ಕೇಳಿಸಲಿಲ್ವಾ?"

ಹಿಂದಿನ ಕುರ್ಚಿಯಲ್ಲಿದ್ದ ಹೆಂಡತಿ ತಲೆ ಎತ್ತಿದಳು.

"ಪುಸ್ತಕ ಹೇಳುತ್ತೆ..."

"ಪುಸ್ತಕ ಬೇಡ. ಅದನ್ನ ಎಲ್ಲರೂ ಹೇಳಿದ್ರು. ನಿಮಗೆ ಗೊತ್ತಾ?"

ನಲವತ್ತು ವರ್ಷದಲ್ಲಿ ಮೇಸ್ತ್ರಿ ಓರೆ ಗೋಡೆಯನ್ನು ನೆಟ್ಟಗಿದೆ ಅಂತ ಯಾರಿಗೂ ಹೇಳಿದವನಲ್ಲ. "ನನಗೆ ಗೊತ್ತಿಲ್ಲ ಮಗಳೇ," ಅಂದ. "ನಾನೂ ಕೇಳಿಕೊಂಡಿದ್ದೆ. ಯಾಕೆ ಹೀಗಾಯ್ತು ಅಂತ ನನಗೆ ಗೊತ್ತಿಲ್ಲ."

"ದೇವರು ನಿಮ್ಮ ಹತ್ರ ಮಾತಾಡ್ತಾನಾ?"

"ಮುಂಚೆ ಮಾತಾಡ್ತಾನೆ ಅನ್ನಿಸ್ತಿತ್ತು. ಈಚೆಗೆ ಕೇಳಿಸ್ತಿಲ್ಲ."

"ಮತ್ತೆ ಯಾಕೆ ಬರ್ತೀರ?"

"ನೀವೆಲ್ಲ ಬರ್ತೀರಲ್ಲ."

ಹುಡುಗಿ ಅವನ ಮುಖವನ್ನೇ ನೋಡಿದಳು. ಆಮೇಲೆ ತಮ್ಮನ ಉಗುರು ಎಷ್ಟು ಚಿಕ್ಕದಿತ್ತು ಅಂತ ತನ್ನ ಬೆರಳು ಹಿಡಿದು ತೋರಿಸಿದಳು. ಉಳಿದ ಮಕ್ಕಳು ಕುರ್ಚಿ ಎಳೆದುಕೊಂಡು ಹತ್ತಿರ ಬಂದವು. ಅವತ್ತು ಪಾಠ ಮುಂದೆ ಹೋಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಬೇಳೆ, ಮೊಟ್ಟೆ. ಇನ್ನೂ ಎರಡು ತುತ್ತು ಇಳಿದಿರಲಿಲ್ಲ.

"ಅಪ್ಪಾ, ದೇವರು ತಾತನ ಜೊತೆ ಠೂ ಬಿಟ್ಟಿದಾನಂತೆ," ಅಂದಳು ಪಟಾಕಿ.

ಮಗ ನಕ್ಕ. ಬೇರೆ ಯಾರೂ ನಗದಿದ್ದುದನ್ನು ನೋಡಿ ನಿಲ್ಲಿಸಿದ. ಸೊಸೆ ಮಗಳಿಂದ ಒಂದೊಂದೇ ಮಾತು ಹೊರಡಿಸಿದಳು. ಎಲ್ಲ ಕೇಳಿ ಸೌಟು ಕೆಳಗಿಟ್ಟಳು.

"ಏನು ಮಾವ ಇದು? ತಮ್ಮನ್ನ ಕಳ್ಕೊಂಡ ಮಗುಗೆ ಹೇಳೋ ಮಾತಾ?"

"ಇನ್ನೇನು ಹೇಳಬೇಕಿತ್ತಮ್ಮ?"

"ಮತ್ತೆ ಸಿಗ್ತಾನೆ ಅಂತ. ದೇವರ ಹತ್ರ ಇದಾನೆ ಅಂತ. ಅದಕ್ಕೆ ತಾನೆ ನಾವು ಅಲ್ಲಿಗೆ ಹೋಗೋದು?"

"ಅದನ್ನ ಎಲ್ಲರೂ ಹೇಳಿದ್ರಂತೆ. ಅವಳು ನಿಮಗೆ ಗೊತ್ತಾ ಅಂತ ಕೇಳಿದಳು."

"ನಿಮ್ಮ ಮಗ ಬೆಳಿಗ್ಗೆ ಐದಕ್ಕೆ ಬಸ್ ತೆಗೀತಾರೆ. ಸಂಜೆ ಮನೆಮನೆ ತಿರುಗ್ತಾರೆ. ಊಟಕ್ಕೆ ಕೂತ್ರೆ ಫೋನು. ಡ್ರೈವರ್ ಬಿಷಪ್ಪು ಅಂತ ಆಡಿಕೊಳ್ಳೋರು ಮೊದಲೇ ಇದಾರೆ. ಬಿಷಪ್ಪನ ಅಪ್ಪನೇ ಹೀಗಂದ್ರೆ ಅವರ ಬಾಯಿಗೆ ನಾವೇ ಸಕ್ಕರೆ ಹಾಕಿದ ಹಾಗಲ್ವಾ?"

ಹೇಳಿ ಮಾಡಿಸಿದ ಹಾಗೆ ಫೋನು ಬಂತು. ಹೆಡ್ ಮೇಡಂ. ಮಗ ಎದ್ದು ಹೊರಬಾಗಿಲಿಗೆ ಹೋದ. ಹೂಂ ಮೇಡಂ, ಹೂಂ ಮೇಡಂ ಅನ್ನುವುದಷ್ಟೇ ಒಳಗೆ ಕೇಳುತ್ತಿತ್ತು.

"ನಾನೂ ಅದೇ ಕೋಣೆಯಲ್ಲಿದ್ದೆ," ಅಂದಳು ಹೆಂಡತಿ ಸೊಸೆಗೆ. "ಬೈಯೋದಾದ್ರೆ ಇಬ್ಬರಿಗೂ ಬಯ್ಯಿ."

"ನಿಮಗೆ ಗೊತ್ತಿತ್ತಾ ಅತ್ತೆ?"

"ಮೂರು ವರ್ಷದಿಂದ ದಿನಾ ಅಳತೆ ಹಿಡಿದ ಹಾಗೆ ಅಷ್ಟೇ ಹೊತ್ತಿಗೆ ಏಳ್ತಾರೆ. ಪ್ರಾರ್ಥನೆ ಮಾಡೋರು ಯಾರಾದ್ರೂ ಹಾಗೆ ಏಳ್ತಾರಾ? ನಾನೂ ಒಂದು ದಿನ ಎಣಿಸಿ ನೋಡಿದೆ. ಇನ್ನೂರು."

ಮೇಸ್ತ್ರಿಯ ಕೈಯಲ್ಲಿದ್ದ ಆಲೂಗಡ್ಡೆ ತಟ್ಟೆಗೆ ಬಿತ್ತು.

"ಗೊತ್ತಿದ್ದೂ ಸುಮ್ಮನಿದ್ರಾ?" ಸೊಸೆಯ ದನಿ ಏರಿತು.

"ಕಾಲು ಉಳುಕಿದವನನ್ನ ಯಾಕೆ ಕುಂಟ್ತೀಯ ಅಂತ ದಿನಾ ಕೇಳೋಕಾಗುತ್ತಾ? ಕುಂಟಿಕೊಂಡೇ ನನ್ನ ಜೊತೆ ಬರ್ತಿದಾರೆ. ಅಷ್ಟು ಸಾಕು ಅಂತ ಬಿಟ್ಟೆ."

ಮಗ ಒಳಗೆ ಬಂದ. ಹೆಡ್ ಮೇಡಂ ಹಾಗೂ ಇನ್ನಿಬ್ಬರು, ಮೇಷ್ಟ್ರನ್ನು ಬದಲಾಯಿಸಬೇಕು ಅನ್ನುತ್ತಿದ್ದಾರೆ ಎಂದ. "ಬದಲಾಯಿಸಿಬಿಡೋ," ಅಂದ ಮೇಸ್ತ್ರಿ.

"ಮೂರು ವರ್ಷ ಅಪ್ಪ. ನನಗೊಂದು ಮಾತು ಹೇಳಬಹುದಿತ್ತು," ಎಂದಷ್ಟೇ ಹೇಳಿ, ತಟ್ಟೆ ಸರಿಸಿ ಎದ್ದುಹೋದ.

ಮೂರು ದಿನ ಮನೆಯಲ್ಲಿ ಮಾತು ಪಾತ್ರೆಗಳದ್ದೇ. ಬುಧವಾರ ಸಂಜೆ ಕೆಲಸ ಬಿಟ್ಟಮೇಲೆ ಮೇಸ್ತ್ರಿ ಬೇಕೆಂದೇ ಎರಡು ಬಸ್ ಬಿಟ್ಟು ಮಗನ ಬಸ್ಸಿಗೆ ಕಾದು ಹತ್ತಿದ. ಬಟ್ಟೆಗೆಲ್ಲ ಸಿಮೆಂಟು, ಕೈಯಲ್ಲಿ ಕರಣೆಯ ಚೀಲ. ಚಾಲಕನೊಡನೆ ಮಾತನಾಡಬಾರದು ಎಂಬ ಫಲಕದ ಕೆಳಗೇ ನಿಂತ. ಮಗ ಕನ್ನಡಿಯಲ್ಲಿ ನೋಡಿ ಗೇರ್ ಹಾಕಿದ. ಮಳಿಗೆಗಳು, ಆಸ್ಪತ್ರೆ, ಶಾಲೆ ಎಲ್ಲ ದಾಟಿ ಕೊನೆಯ ನಿಲ್ದಾಣದಲ್ಲಿ ಬಸ್ ಖಾಲಿಯಾಯಿತು. ಮಗ ಎಂಜಿನ್ ಆರಿಸಿದ.

"ಹನ್ನೆರಡು ನಿಮಿಷ ಇದೆ," ಅಂದ.

"ಸಾಕು."

"ಯಾಕೆ ಒಪ್ಕೊಂಡೆ ಅಪ್ಪ? ನಂಬಿಕೆ ಇಲ್ಲದೆ?"

"ಇಬ್ಬರು ಆಗಲ್ಲ ಅಂದಿದ್ರು. ಮೂರನೆಯವನು ನಾನಾಗಬಾರದು ಅಂತ."

"ಅಂದ್ರೆ ಕನಿಕರ."

"ಕನಿಕರ ಅಂತೆ! ಹೆಮ್ಮೆ ಕಣೋ. ನನ್ನ ಮಗ ಆ ಕುರ್ಚಿಯಲ್ಲಿ ಕೂತು ನನ್ನ ಹತ್ರ ಒಂದು ಕೆಲಸ ಕೇಳ್ತಿದಾನೆ. ಯಾವ ಅಪ್ಪ ಇಲ್ಲ ಅಂತಾನೆ?"

ಮಗ ಸ್ಟೀರಿಂಗಿನ ಮೇಲೆ ಹೆಬ್ಬೆರಳು ಉಜ್ಜುತ್ತಾ ಕೂತ. "ನನಗೆ ಈ ಚರ್ಚು ಕೊಟ್ಟೋನು ನೀನು. ನಿನ್ನ ಹೆಗಲ ಮೇಲೆ ಕೂತು ಹೋಗ್ತಿದ್ದೆ. ಈಗ ನೀನೇ ಅಲ್ಲಿಲ್ಲ ಅಂದ್ರೆ..."

"ಅಲ್ಲೇ ಇದೀನಲ್ಲೋ. ಪ್ರತಿ ಭಾನುವಾರ, ಎರಡನೇ ಸಾಲು."

"ನಾನು ನಂಬ್ತೀನಿ ಅಪ್ಪ. ಪೂರ್ತಿ ನಂಬ್ತೀನಿ."

"ಗೊತ್ತು. ಅದನ್ನ ನೋಡೋಕೆ ನನಗೆ ಎಷ್ಟು ಖುಷಿ ಅಂತ ನಿನಗೆ ಗೊತ್ತಿಲ್ಲ."

ಮಗ ಮುಖ ಆ ಕಡೆ ತಿರುಗಿಸಿದ. ಅಷ್ಟರಲ್ಲಿ ಒಬ್ಬ ಹೆಂಗಸು ಎರಡು ಚೀಲ ಹಿಡಿದು ಹತ್ತಿದಳು, ಹಿಂದೆ ಇನ್ನೂ ನಾಲ್ವರು. ಹೊತ್ತಾಯಿತು. ಏನೂ ತೀರ್ಮಾನವಾಗದೆ ಬಸ್ ಹೊರಟಿತು. ಆದರೆ ಮನೆಯ ಹತ್ತಿರ ಇಳಿಯುವಾಗ ಮಗ, "ನಿಧಾನ, ಮೆಟ್ಟಿಲು ಎತ್ತರ," ಅಂದ. ಮೂರು ದಿನದಲ್ಲಿ ಅವನು ಆಡಿದ ಮೊದಲ ಅಕ್ಕರೆಯ ಮಾತು.

ಶುಕ್ರವಾರ ಸಂಜೆ ಬೇಕರಿಯ ತಾಯಿ ಮನೆಗೆ ಬಂದಳು. ಬಾಗಿಲು ತೆಗೆದ ಸೊಸೆಯ ಮುಖ ಬಿಳಿಚಿಕೊಂಡಿತು. ಬಂದವಳು ಒಂದು ಬ್ರೆಡ್ಡು ಮೇಜಿನ ಮೇಲಿಟ್ಟು, ಕೂರದೆ ಮೇಸ್ತ್ರಿಯ ಎದುರು ನಿಂತಳು.

"ನೀವು ನನ್ನ ಮಗಳಿಗೆ ಹೇಳಿದ್ದು ನನಗೆ ಗೊತ್ತಾಯ್ತು."

"ತಪ್ಪಾಗಿದ್ರೆ ಕ್ಷಮಿಸಮ್ಮ."

"ತಪ್ಪೋ ಸರಿಯೋ ನನಗೆ ತಿಳಿಯಲ್ಲ. ನನ್ನ ಮಗುನ ಮತ್ತೆ ಎತ್ತಿಕೊಳ್ತೀನಿ ಅಂತ ನಾನು ನಂಬಿದೀನಿ. ಅದೊಂದನ್ನು ಹಿಡ್ಕೊಂಡೇ ಬೆಳಿಗ್ಗೆ ಏಳೋದು. ಅದನ್ನ ನನ್ನ ಮಗಳಿಂದ ಯಾರೂ ಕಿತ್ತುಕೋಬಾರದು."

"ನಾನು ಕಿತ್ತುಕೊಳ್ಳಲ್ಲ. ನನ್ನ ಹತ್ರ ಇಲ್ಲ ಅಂತ ಅವಳದ್ದು ಯಾಕೆ ಕೀಳಲಿ?"

ಅವಳು ಆಗ ಕೂತಳು. "ಮೂರು ವಾರ ಅವಳು ಬಾಯಿ ಬಿಟ್ಟಿರಲಿಲ್ಲ. ಅಳಲೂ ಇಲ್ಲ. ಮಗು ದೇವರ ಹತ್ರ ಹೋಗಿದೆ, ಅಳಬಾರದು ಅಂತ ನಾವೇ ಹೇಳಿದ್ವಿ. ಭಾನುವಾರ ಬಂದು ನನ್ನ ಮಡಿಲಲ್ಲಿ ಬಿದ್ದು ಅತ್ತಳು. 'ಮೇಷ್ಟ್ರಿಗೂ ಗೊತ್ತಿಲ್ವಂತೆ ಅಮ್ಮ' ಅಂದಳು. ಆಮೇಲೆ ಎರಡು ಸಲ ಬಡಿಸಿಕೊಂಡು ಉಂಡಳು." ಸೆರಗಿನಿಂದ ಮುಖ ಒರೆಸಿಕೊಂಡಳು. "ಮೇಷ್ಟ್ರನ್ನ ಬದಲಾಯಿಸ್ತಾರಂತೆ ಅಂತ ಕೇಳಿದೆ. ಬದಲಾಯಿಸಬೇಡಿ ಅಂತ ಬಿಷಪ್ಪರಿಗೆ ಹೇಳೋಕೆ ಬಂದೆ."

ಬಿಷಪ್ ಇನ್ನೂ ಡಿಪೋದಿಂದ ಬಂದಿರಲಿಲ್ಲ. ಸೊಸೆಯೇ, "ನಾನು ಹೇಳ್ತೀನಿ," ಅಂದಳು. ಅವಳನ್ನು ಬೀದಿಯ ತಿರುವಿನವರೆಗೂ ಬಿಟ್ಟು ಬಂದಳು. ಬಂದು ಬ್ರೆಡ್ಡು ಕತ್ತರಿಸಿ, ಬೆಣ್ಣೆ ಹಚ್ಚಿ, ಮೊದಲ ತುಂಡನ್ನು ಮಾವನ ಮುಂದಿಟ್ಟಳು.

"ಪುಸ್ತಕದಲ್ಲಿ ಇಲ್ಲದ್ದು ಹೇಳಬೇಡಿ ಅಂತ ಈಗಲೂ ಅಂತೀನಿ ಮಾವ."

"ಅನ್ನಮ್ಮ."

"ಅವಳು ಅತ್ತಳಂತಲ್ಲ. ಒಳ್ಳೇದಾಯ್ತು."

ಭಾನುವಾರ ಸಭೆಗೆ ಮುಂಚೆ ಮಗ ಮತ್ತೆ ಅಪ್ಪನನ್ನು ಅದೇ ಕೋಣೆಗೆ ಕರೆದ. ಈ ಸಲ ಮೇಜಿನ ಆಚೆ ಕೂರದೆ, ಇನ್ನೊಂದು ಕುರ್ಚಿ ಎಳೆದುಕೊಂಡು ಅಪ್ಪನ ಪಕ್ಕದಲ್ಲೇ ಕೂತ.

"ಹೋದ ಸಲ ನಿನಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಆದ್ರಿಂದ ಮತ್ತೆ ಕೇಳ್ತಿದೀನಿ. ತರಗತಿ ತಗೋತೀಯಾ?"

ಮೊದಲ ಸಲ ಮೇಸ್ತ್ರಿ ಮಗನ ಮುಖ ನೋಡಿ ಒಪ್ಪಿಕೊಂಡಿದ್ದ. ಈಗ ಆರು ಮುಖಗಳು ಕಣ್ಣಮುಂದೆ ಬಂದವು.

"ತಗೋತೀನಿ. ಆದ್ರೆ ಕೇಳು. ಪುಸ್ತಕದಲ್ಲಿ ಇರೋದನ್ನ ತಿರುಚಲ್ಲ. ಯಾವ ಮಗುವಿನ ನಂಬಿಕೆಗೂ ಕೈ ಹಾಕಲ್ಲ. ಗೊತ್ತಿಲ್ಲದ್ದನ್ನ ಮಾತ್ರ ಗೊತ್ತು ಅನ್ನಲ್ಲ. ನಡೆಯುತ್ತಾ?"

"ನಡೆಯುತ್ತೆ. ಮೇಲಿನವರು ಕೇಳಿದ್ರೆ ಉತ್ತರ ಕೊಡೋದು ನನ್ನ ಕೆಲಸ." ಮಗ ಎದ್ದು ನಿಂತ. "ನಿನ್ನ ಪರವಾಗಿ ನಾನು ದಿನಾ ಪ್ರಾರ್ಥನೆ ಮಾಡ್ತೀನಿ. ಬೇಡ ಅನ್ನಬೇಡ."

"ಮಾಡು. ಯಾರಾದ್ರೂ ಒಬ್ಬರು ಮಾಡಲಿ."

ಹೊರಗೆ ಹೆಡ್ ಮೇಡಂ ಕಾದಿದ್ದರು. ಬಿಷಪ್ ತನ್ನ ತೀರ್ಮಾನ ಹೇಳಿದ. ಇದಕ್ಕಿಂತ ಹೆಚ್ಚಿನ ತಿಳಿವಳಿಕೆ ನಿರೀಕ್ಷಿಸಿದ್ದೆ ಅಂದರು ಮೇಡಂ. ಆಕೆ ಕೆಟ್ಟವರಲ್ಲ, ಮೂವತ್ತು ವರ್ಷ ತಪ್ಪು ಉತ್ತರಕ್ಕೆ ಸೊನ್ನೆ ಹಾಕಿದವರು. ಮೊಮ್ಮಗನ ಕೈ ಹಿಡಿದುಕೊಂಡು ಹೋದರು. ಅವತ್ತಿನಿಂದ ತರಗತಿಯಲ್ಲಿ ಐದೇ ಮಕ್ಕಳು. ಆರನೇ ಕುರ್ಚಿ ತೆಗೆಯಲು ಮೇಸ್ತ್ರಿಗೆ ಮನಸ್ಸಾಗಲಿಲ್ಲ.

ವರ್ಷಕ್ಕೊಮ್ಮೆ ಅವರ ಚರ್ಚಿನಲ್ಲಿ ಮಕ್ಕಳದೇ ಒಂದು ಭಾನುವಾರ. ಆ ದಿನ ದೊಡ್ಡವರ ಭಾಷಣವಿಲ್ಲ. ಮಕ್ಕಳು ಮುಂದೆ ನಿಂತು ಹಾಡುತ್ತಾರೆ, ಒಬ್ಬೊಬ್ಬರೂ ಎರಡು ಮಾತು ಹೇಳುತ್ತಾರೆ. ಸಾಮಾನ್ಯವಾಗಿ ಮೇಷ್ಟ್ರು ಬರೆದುಕೊಟ್ಟಿದ್ದನ್ನು ಮಕ್ಕಳು ಒಪ್ಪಿಸುವುದು. ಮೇಸ್ತ್ರಿ ಬರೆದುಕೊಡಲಿಲ್ಲ. "ನಿಮ್ಮ ಮಾತು ನೀವೇ ಕಟ್ಟಿ. ಬೀಳೋ ಹಾಗಿದ್ರೆ ನಾನು ಹಿಡ್ಕೋತೀನಿ," ಅಂದಿದ್ದ. ಎರಡು ತಿಂಗಳು ಹೆಂಡತಿ ಒಬ್ಬೊಬ್ಬರಿಂದಲೂ ಹೇಳಿಸಿ ಹೇಳಿಸಿ ನೋಡಿದ್ದಳು. ಬೇಕರಿಯ ಹುಡುಗಿ ಮಾತ್ರ ತನ್ನದನ್ನು ಯಾರಿಗೂ ಹೇಳಿರಲಿಲ್ಲ.

ಅವತ್ತು ಹಾಲ್ ತುಂಬಿತ್ತು. ಮೇಲಿನವರೂ ಬಂದು ಮಗನ ಪಕ್ಕದಲ್ಲಿ ವೇದಿಕೆಯ ಮೇಲೆ ಕೂತಿದ್ದರು. ಮೇಸ್ತ್ರಿ, ಹೆಂಡತಿ, ಸೊಸೆ ಮೊದಲ ಬೆಂಚಿನಲ್ಲಿ. ಹೆಡ್ ಮೇಡಂ ಎಡಗಡೆ ಮೂರನೇ ಸಾಲಿನಲ್ಲಿ. ಪಕ್ಕದಲ್ಲಿ ಮೊಮ್ಮಗ, ಈ ತರಗತಿಯ ಹಾಡು ಬಂದಾಗ ತುಟಿ ಆಡಿಸುತ್ತಾ.

ಪಟಾಕಿ ತನ್ನದನ್ನು ಒಂದೇ ಉಸಿರಿಗೆ ಸಿಡಿಸಿದಳು. ಇನ್ನಿಬ್ಬರು ಹೇಳಿದರು, ಒಬ್ಬ ಮರೆತು ಮೇಸ್ತ್ರಿಯತ್ತ ನೋಡಿ ನೆನಪಿಸಿಕೊಂಡ. ಕೊನೆಗೆ ಬೇಕರಿಯ ಹುಡುಗಿ ಮೈಕಿನ ಮುಂದೆ ಬಂದಳು. ಮೈಕು ತಗ್ಗಿಸಲು ಬಿಷಪ್ಪೇ ಎದ್ದು ಬರಬೇಕಾಯಿತು. ಅವಳ ಕೈಯಲ್ಲಿ ಕಾಗದವಿರಲಿಲ್ಲ.

"ನನ್ನ ತಮ್ಮ ಹನ್ನೊಂದು ದಿನ ಇದ್ದ. ನನ್ನ ಬೆರಳನ್ನ ಗಟ್ಟಿಯಾಗಿ ಹಿಡ್ಕೊಂಡಿದ್ದ." ನಿಲ್ಲಿಸಿದಳು. ಬೇಕರಿಯ ತಾಯಿ ಗಂಡನ ತೋಳು ಹಿಡಿದುಕೊಂಡಳು. ಮೇಸ್ತ್ರಿ ಬೆಂಚಿನ ಅಂಚಿಗೆ ಸರಿದ. ಹುಡುಗಿ ಅವನ ಕಡೆ ನೋಡಲಿಲ್ಲ, ಬೇಕಾಗಿರಲಿಲ್ಲ.

"ನಾವು ಕೇಳಿದ್ದು ಯಾಕೆ ಆಗಲಿಲ್ಲ ಅಂತ ನನಗೆ ಗೊತ್ತಿಲ್ಲ. ನಮ್ಮ ಮೇಷ್ಟ್ರಿಗೂ ಗೊತ್ತಿಲ್ಲ. ಆದ್ರೆ ಅವನನ್ನ ಮತ್ತೆ ನೋಡ್ತೀನಿ ಅಂತ ನಾನು ನಂಬಿದೀನಿ. ಯಾರೂ ಹೇಳಿಕೊಟ್ಟಿದ್ದಲ್ಲ, ನಾನೇ ಯೋಚನೆ ಮಾಡಿ ನಂಬಿದೀನಿ."

ಹೇಳಿ ಹೋಗಿ ತನ್ನ ಸಾಲಿನಲ್ಲಿ ನಿಂತಳು.

ಮೇಸ್ತ್ರಿಗೆ ತನ್ನ ಎದೆಯೊಳಗೆ ಆದದ್ದು ಏನೆಂದು ಹೇಳಲು ಬರುತ್ತಿರಲಿಲ್ಲ. ತನ್ನಿಂದಾಗದ್ದನ್ನು ಆ ಮಗು ಮಾಡಿತ್ತು, ಅವನ ಕೋಣೆಯಲ್ಲಿ ಕೂತು, ಅವನ ಎದುರಿಗೇ ಮಾಡಿತ್ತು. ಅಸೂಯೆ ಇತ್ತೇ? ಚೂರು ಇದ್ದಿರಬಹುದು. ಉಳಿದದ್ದೆಲ್ಲ ಹೆಮ್ಮೆ. ಪಕ್ಕದಲ್ಲಿ ಸೊಸೆ ಸದ್ದಿಲ್ಲದೆ ಅಳುತ್ತಿದ್ದಳು. ಕೈಚೀಲದಿಂದ ಕರವಸ್ತ್ರ ತೆಗೆದು ಮೊದಲು ಮಾವನಿಗೆ ಕೊಟ್ಟಳು. ಅವನಿಗೆ ಬೇಕಾಗಿದೆ ಅನ್ನುವುದು ಅವನಿಗೇ ಆಗ ಗೊತ್ತಾದದ್ದು.

ಸಭೆ ಮುಗಿಸುವ ಮಾತು ಬಿಷಪ್ಪನದು. ಮಗ ಎದ್ದು ಬಂದು ಮೈಕು ಹಿಡಿದುಕೊಂಡ. ಮಕ್ಕಳಿಗೆ ವಂದನೆ ಹೇಳಿದ. ಪಿಯಾನೊ ನುಡಿಸಿದವರಿಗೆ ಹೇಳಿದ. "ಇನ್ನು ಈ ತರಗತಿಯ ಮೇಷ್ಟ್ರು," ಅಂದ. ಮುಂದಿನ ಮಾತು ಬರಲಿಲ್ಲ. ಕೆಳಗೆ ಮೊದಲ ಬೆಂಚಿನತ್ತ ನೋಡಿದ. ಮೇಲಿನವರು ಮುಂದಕ್ಕೆ ಬಾಗಿ ನೋಡಿದರು.

"ಈ ತರಗತಿಯ ಮೇಷ್ಟ್ರು ನಮ್ಮಪ್ಪ," ಅಂದ ಮಗ.

"ಅದು ಎಲ್ಲರಿಗೂ ಗೊತ್ತು!" ಎಂದು ಪಟಾಕಿ ಮಕ್ಕಳ ಸಾಲಿನಿಂದ ಕೂಗಿದಳು.

ಇಡೀ ಹಾಲ್ ನಕ್ಕಿತು. ಮಗನೂ ಕಣ್ಣೊರೆಸಿಕೊಂಡು ನಕ್ಕ. ಅಷ್ಟು ಜನ ಒಟ್ಟಿಗೆ ತನ್ನತ್ತ ತಿರುಗಿದಾಗ ಮೇಸ್ತ್ರಿ ತಲೆ ತಗ್ಗಿಸಲಿಲ್ಲ. ಮಕ್ಕಳು ವೇದಿಕೆಯಿಂದ ಇಳಿದು ಅಪ್ಪಅಮ್ಮಂದಿರ ಕಡೆ ಹೋಗುವ ಬದಲು ಓಡಿಬಂದು ಅವನ ಬೆಂಚಿಗೇ ನುಗ್ಗಿದವು. ಹೆಂಡತಿ ಗದರಿಸಿದಳು, ಯಾರೂ ಕೇಳಲಿಲ್ಲ. ಮೇಸ್ತ್ರಿ ಬೆನ್ನು ನೆಟ್ಟಗೆ ಮಾಡಿ, ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ ಸರಿದು, ಐವರಿಗೂ ಜಾಗ ಮಾಡಿದ.